ಆಯಿಯ ಕೈಗೆ ಎಟುಕಿದ ಎರಡು ಬೋಲ್ಟು

ಬೆಟಗೇರಿಯ ನನ್ನ ರಿಪೇರಿ ಅಂಗಡಿಯ ಶಟರ್ ಎತ್ತುವ ಮೊದಲೇ ಅಕ್ಕಾರೊಬ್ಬರು ಬಂದು ನಿಂತಿದ್ದರು. ಕೈಯಲ್ಲಿ ಎರಡು ಶಾಲೆ ನೋಟ್‌ಬುಕ್ಕು. ನಮಸ್ಕಾರ ಇಲ್ಲ, ಪರಿಚಯ ಇಲ್ಲ. ಎರಡನ್ನೂ ಒಂದರ ಮೇಲೊಂದು ಜೋಡಿಸಿ ನನ್ನ ಮುಖಕ್ಕೆ ಹಿಡಿದರು.

"ಅಂಚು ನೋಡ್ರಿ ಮಿಸ್ತ್ರಿ."

ನೋಡಿದೆ. ಕೆಳಗಿನ ನೋಟ್‌ಬುಕ್ಕು ಮೇಲಿನದಕ್ಕಿಂತ ಬೆಂಕಿಕಡ್ಡಿಯ ದಪ್ಪದಷ್ಟು ಹೊರಗೆ ಚಾಚಿತ್ತು. ಎರಡೂ ಒಂದೇ ಕಟ್ಟಿನಲ್ಲಿ, ಒಂದೇ ಬ್ಲೇಡಿನ ಕೆಳಗೆ ಕತ್ತರಿಸಿದವು. ಕಾಗದ ಕತ್ತರಿಸುವ ಯಂತ್ರದ ಬ್ಲೇಡು ನೆಟ್ಟಗೆ ಇಳಿಯದೆ ಹೊರಳುತ್ತಿದೆ ಎಂದು ಹೇಳಲು ಯಂತ್ರ ನೋಡುವ ಅವಶ್ಯಕತೆಯೇ ಇರಲಿಲ್ಲ. ಬ್ಲೇಡು ಹಿಡಿದ ದಪ್ಪ ತೊಲೆಯನ್ನು ಎರಡೂ ಕಡೆ ಒಂದೊಂದು ಕಬ್ಬಿಣದ ಪಟ್ಟಿ ತಬ್ಬಿಕೊಂಡಿರುತ್ತದೆ. ವರ್ಷಾನುಗಟ್ಟಲೆ ತಿಕ್ಕಿ ತಿಕ್ಕಿ ಪಟ್ಟಿ ಸವೆದರೆ ತೊಲೆ ಅಲ್ಲಾಡುತ್ತದೆ. ಪಟ್ಟಿ ಬಿಚ್ಚಿ, ಹಿಂದೆ ತೆಳ್ಳನೆಯ ಹಿತ್ತಾಳೆ ತಗಡು ಕೊಟ್ಟು ಮತ್ತೆ ಬಿಗಿದರೆ ಮುಗಿಯಿತು. ಅಷ್ಟನ್ನೇ ಹೇಳಿದೆ.

"ಪಟ್ಟಿ ಬಿಚ್ಚಾಕ ಬರವಲ್ದು, ಅದಕ್ಕ ಬಂದೀನ್ರಿ," ಅಂದರು. "ಲಕ್ಷ್ಮೇಶ್ವರದ ಮಿಸ್ತ್ರಿ ಒಬ್ರು ಬಂದಿದ್ರು. ಬಲಗಡೆ ಪಟ್ಟೀಗೆ ನಾಲ್ಕು ಬೋಲ್ಟ್ ಅದಾವು. ಎರಡು ಬಂದ್ವು, ಎರಡು ಸ್ಲಿಪ್ ಆದ್ವು. ಅವರು ಕೈ ಮುಗದು ಹೋದ್ರು."

ಇವರು ಗದುಗಿನಲ್ಲಿ, ಪ್ರಿಂಟಿಂಗ್ ಪ್ರೆಸ್ಸುಗಳ ಓಣಿಯಲ್ಲಿ ಬೈಂಡಿಂಗ್ ಅಂಗಡಿ ನಡೆಸುವವರು. ಅತ್ತೆ, ಮಾವ ಶುರು ಮಾಡಿದ ಅಂಗಡಿ. ಮಾವ ತೀರಿಕೊಂಡ ಮೇಲೆ ಸೊಸೆ ಹೊತ್ತುಕೊಂಡಿದ್ದಾರೆ. ಮುಂಡರಗಿಯ ಸಗಟು ವ್ಯಾಪಾರಿಯೊಬ್ಬರು ಶಾಲೆ ಶುರುವಾಗುವ ಮೊದಲು ಬೇಕೆಂದು ನೋಟ್‌ಬುಕ್ಕಿನ ದೊಡ್ಡ ಕೆಲಸ ಕೊಟ್ಟಿದ್ದರು. ಮೊದಲ ಗಾಡಿ ಮಾಲು ಅಂಚು ಡೊಂಕೆಂದು ವಾಪಸ್ ಬಂದಿತ್ತು.

"ಶನಿವಾರ ಗುಜರಿಯವಗ ಬಾ ಅಂದೀನ್ರಿ," ಅಂದರು ಅಕ್ಕಾರು. ಕಣ್ಣು ಬೇರೆ ಕಡೆ ಹೋಯಿತು. "ಅಷ್ಟರಾಗ ಪಟ್ಟಿ ಬಿಚ್ಚಿ ಸರಿ ಆದ್ರ ಅವಗ ಬ್ಯಾಡ ಅಂತೀನಿ. ಆಗ್ಲಿಲ್ಲಂದ್ರ ಮಶೀನೂ ಹೋತು, ಅಂಗಡೀನೂ ಹೋತು. ಡೊಂಕ ಕಡಿಯೋ ಮಶೀನ್ ಇಟ್ಟುಕೊಂಡು ಬೈಂಡಿಂಗ್ ಮಾಡಾಕ ಆಗಂಗಿಲ್ಲ. ಒಂದು ಮಾತ್ರ, ನಮ್ಮತ್ತೀಗೆ ಗೊತ್ತಾಗಬಾರದು. ಸರ್ವಿಸಿಂಗ್ ಅಂತ ಹೇಳೀನಿ."

ಅಂದು ಬುಧವಾರ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೆಟಗೇರಿಗೆಲ್ಲ ಗೊತ್ತು. ಇನ್ನೊಬ್ಬ ಕೆಡಿಸಿಟ್ಟ ಬೋಲ್ಟು ತೆಗೆಯಲು ಕರೆದರೆ ಅದು ಕೆಳಗೆ ಇಳಿಯುವುದೇ ಇಲ್ಲ. ಎಂಜಲು ತಟ್ಟೆ ಮುಂದಿಟ್ಟ ಹಾಗೆ ಅನ್ನಿಸುತ್ತದೆ. ಆದರೂ ಆ ನೋಟ್‌ಬುಕ್ಕು ಹಿಡಿದ ಕೈ ನೋಡಿ ಇಲ್ಲವೆನ್ನಲಾಗದೆ ಪೆಟ್ಟಿಗೆ ಎತ್ತಿಕೊಂಡೆ.

ಅಂಗಡಿ ಉದ್ದನೆಯ ಒಂದೇ ಕೋಣೆ. ಗೋಡೆಗುಂಟ ಮಾಳಿಗೆಯವರೆಗೂ ಕಾಗದದ ಕಟ್ಟು, ನೆಲದ ತುಂಬ ಕತ್ತರಿಸಿ ಬಿದ್ದ ಕಾಗದದ ಎಳೆ. ನಾಲ್ಕು ಜನ ಹೆಣ್ಣುಮಕ್ಕಳು ಕೂತು ಹಾಳೆ ಮಡಚುತ್ತಿದ್ದರು. ಕೊನೆಯಲ್ಲಿ ಯಂತ್ರ. ಹಳೆಯದು, ಆದರೆ ಒಂದು ಕಡೆಯೂ ತುಕ್ಕಿಲ್ಲ, ಒಂದು ಹಿಡಿಕೆಯೂ ಸಡಿಲಿಲ್ಲ. ಇಂಥ ಯಂತ್ರ ನೋಡಿದರೆ ಅದನ್ನು ಬಳಸಿದವರ ಮೇಲೆ ನನಗೆ ಗೌರವ ಬರುತ್ತದೆ. ಇದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲವೆಂದೂ ನೋಡಿದ ಕೂಡಲೇ ಗೊತ್ತಾಯಿತು. ಪಟ್ಟಿ ಬಿಗಿದಿರುವ ಎರಕದ ಕಂಬ ಸೀಳಿದರೆ ಅಲ್ಲಿಗೆ ಕಥೆ ಮುಗಿದಂತೆ.

ಯಂತ್ರದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಅತ್ತೆಯವರು ಕೂತಿದ್ದರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಗಿಡ್ಡ ದೇಹ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕೈಯಲ್ಲಿ ದಬ್ಬಣ ಹಿಡಿದು ದಪ್ಪನೆಯ ಜಮಾಖರ್ಚಿನ ಪುಸ್ತಕವೊಂದನ್ನು ಹೊಲಿಯುತ್ತಿದ್ದರು. ಕಣ್ಣು ನನ್ನ ಮೇಲೆ, ಕೈ ತನ್ನ ಪಾಡಿಗೆ.

"ಯಾವೂರ ತಮ್ಮಾ?"

"ಕಳಸಾಪುರರಿ ಆಯಿ."

"ನಂದು ಹಿರೇವಡ್ಡಟ್ಟಿ ತವರು. ನಿನ್ನ ಮಾರಿ ಯಾಕ ಹಿಂಗ ಗಂಟ ಆಗೈತಿ? ಮಶೀನ್ ಅಂಜತೈತಿ."

ಮಡಚುತ್ತಿದ್ದ ಹೆಣ್ಣುಮಕ್ಕಳು ಮುಸಿಮುಸಿ ನಕ್ಕರು. ನಾನು ಮೊದಲು ಬ್ಲೇಡು ಕಳಚಿ ಮರದ ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಗಿದೆ. ಇಂಥ ಯಂತ್ರದ ಹತ್ತಿರ ಕೆಲಸ ಮಾಡುವವನು ಮೊದಲು ಮಾಡಬೇಕಾದ್ದು ಅದನ್ನೇ. ಬೆರಳು ಕಳೆದುಕೊಂಡ ಮಿಸ್ತ್ರಿಗಳನ್ನು ನಾನು ನೋಡಿದ್ದೇನೆ.

ಆಮೇಲೆ ಬ್ಯಾಟರಿ ಹಿಡಿದು ಬೋಲ್ಟು ನೋಡಿದೆ. ಪಟ್ಟಿಯಲ್ಲಿ ಕುಣಿ ಕೊರೆದು, ಬೋಲ್ಟಿನ ತಲೆಯನ್ನು ಅದರೊಳಗೆ ಮುಳುಗಿಸಿದ್ದರು. ತೊಲೆ ಮೇಲೆ ಕೆಳಗೆ ಓಡಾಡುವಾಗ ತಲೆ ತಾಗಬಾರದೆಂದು ಹಾಗೆ ಮಾಡುತ್ತಾರೆ. ಹೊರಗಿನಿಂದ ಪಾನಾ ಹಾಕಿ ಹಿಡಿಯಲು ಜಾಗವೇ ಇಲ್ಲ. ತಲೆಯ ನಡುವೆ ಆರು ಮೂಲೆಯ ತೂತು, ಅದಕ್ಕೆ ಆರು ಮೂಲೆಯ ಅಲೆನ್ ಕೀ ಹಾಕಿಯೇ ತಿರುಗಿಸಬೇಕು. ಮೇಲಿನ ಎರಡು ಕುಣಿ ಖಾಲಿ. ಆ ಬೋಲ್ಟುಗಳು ಯಂತ್ರದ ಪಕ್ಕದ ಬಟ್ಟಲಲ್ಲಿ ಕೂತಿದ್ದವು, ಮೂಲೆಗಳು ಹೊಸದರಂತೆ ಚೂಪು. ಕೆಳಗಿನ ಎರಡರ ತೂತು ಮಾತ್ರ ಬಳೆಯ ಹಾಗೆ ದುಂಡಗಾಗಿತ್ತು. ಒಂದೇ ಪಟ್ಟಿ, ಒಂದೇ ಕಾಲದ ಬೋಲ್ಟು, ಬಿಚ್ಚಿದ ಕೈಯೂ ಒಂದೇ. ಮೇಲಿನವು ಸಲೀಸಾಗಿ ಬಂದು ಕೆಳಗಿನವು ಯಾಕೆ ಹಾಳಾದವು ಎಂದು ಆಗಲೇ ಯೋಚಿಸಬೇಕಿತ್ತು. ನಾನು ಲಕ್ಷ್ಮೇಶ್ವರದವನನ್ನು ಬೈಯುವುದರಲ್ಲಿ ಮುಳುಗಿದ್ದೆ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದು. ಆ ತೂತಿಗಿಂತ ಕೂದಲೆಳೆಯಷ್ಟು ದಪ್ಪಗಿರುವ ಕೀ ಹುಡುಕಿ, ಸುತ್ತಿಗೆಯಿಂದ ಬಡಿದು ಕೂರಿಸಿದೆ. ತಳ ಮುಟ್ಟಿದಾಗ ಠಣ್ ಎನ್ನುತ್ತದಲ್ಲ, ಆ ಸದ್ದೂ ಬಂತು. ಪೈಪು ಸಿಗಿಸಿ ಎಳೆದೆ. ಚೂರು ಹಿಡಿದಂತೆ ಮಾಡಿ ಜಾರಿತು. ಇನ್ನೊಂದಕ್ಕೂ ಅದೇ ಗತಿ.

ಎರಡನೆಯದಾಗಿ, ತುಕ್ಕು ಬಿಡಿಸುವ ಎಣ್ಣೆ. ಅದರ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತುರುಕಿ ನೆನೆಯಲು ಬಿಟ್ಟು ಮನೆಗೆ ಹೋದೆ. ಗುರುವಾರ ಬೆಳಿಗ್ಗೆ ಬಂದು ನಕ್ಷತ್ರದ ಆಕಾರದ ಬಿಟ್ ಬಡಿದೆ. ಅದರ ಚೂಪು ಹಲ್ಲು ದುಂಡಗಾದ ಗೋಡೆಯನ್ನೂ ಕಚ್ಚಿ ಹಿಡಿಯುತ್ತದೆ. ಎಷ್ಟೋ ಕಡೆ ನನ್ನ ಮಾನ ಉಳಿಸಿದ ಉಪಾಯ ಅದು. ಇಲ್ಲಿ ಕಚ್ಚಿತು, ನನ್ನ ಎದೆ ಉಬ್ಬಿತು, ಪೈಪಿಗೆ ಭಾರ ಬಿದ್ದ ಕೂಡಲೇ ಕೆರೆದುಕೊಂಡು ಹೊರಬಂತು. ತೂತು ಇನ್ನಷ್ಟು ನುಣ್ಣಗಾಯಿತು.

"ಕುಣೀಲಾರದವಗ ಅಂಗಳ ಡೊಂಕಂತ," ಆಯಿ ದಾರಕ್ಕೆ ಮೇಣ ಹಚ್ಚುತ್ತ ಅಂದರು. ನಾನು ಆಗ ಲಕ್ಷ್ಮೇಶ್ವರದವನ ಹೆಸರೆತ್ತಿ ಏನೋ ಗೊಣಗುತ್ತಿದ್ದೆ.

"ನೀವು ಬಂದು ಬಿಚ್ಚರಿ ಹಂಗಾರ," ಅಂದುಬಿಟ್ಟೆ.

"ಹೊತ್ತು ಬಂದ್ರ ಬಿಚ್ಚೂಣಂತ," ಅಂದರು, ನನ್ನ ಕಡೆ ನೋಡದೆ.

ಇನ್ನುಳಿದ ದಾರಿಗಳು ಒಂದೊಂದಾಗಿ ಮುಚ್ಚಿದವು. ತಲೆಗೆ ನಟ್ಟು ವೆಲ್ಡ್ ಮಾಡಿ ತಿರುಗಿಸೋಣವೆಂದರೆ ಕುಣಿಯೊಳಗೆ ಬೋಲ್ಟಿನ ಜೊತೆ ಪಟ್ಟಿಯೂ ಬೆಸೆದುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಕೋಣೆಯಲ್ಲಿ ಒಂದು ಕಿಡಿ ಸಿಡಿದರೆ ಕಾಗದವೆಲ್ಲ ಹೊತ್ತಿಕೊಳ್ಳುತ್ತದೆ. ಯಂತ್ರವನ್ನೇ ಹೊರಗೆ ತರೋಣವೆಂದರೆ ಬಾಗಿಲು ಒಡೆಯಬೇಕು. ಉಳಿದದ್ದು ಡ್ರಿಲ್ಲು ಒಂದೇ. ಅದರ ಅಪಾಯವೂ ನನಗೆ ಗೊತ್ತಿತ್ತು. ಬೋಲ್ಟು ಹದ ಹಾಕಿದ ಗಟ್ಟಿ ಉಕ್ಕು, ಸುತ್ತಲಿನ ಎರಕ ಮೆದು. ಡ್ರಿಲ್ಲಿನ ತುದಿ ಗಟ್ಟಿಯನ್ನು ಬಿಟ್ಟು ಮೆದುವಿನ ಕಡೆ ಜಾರುತ್ತದೆ. ಜಾರಿದರೆ ಕಂಬದ ಥ್ರೆಡ್ ಹಾಳು, ಹೆಚ್ಚು ಜಾರಿದರೆ ಕಂಬವೇ ಬಿರುಕು.

ಅಕ್ಕಾರನ್ನು ಹೊರಗೆ ಕರೆದು ಮುಚ್ಚುಮರೆ ಇಲ್ಲದೆ ಹೇಳಿದೆ.

"ಅಕ್ಕಾರ, ಡ್ರಿಲ್ ಹೊಡದ್ರ ಬೋಲ್ಟ್ ಬರಬಹುದು. ಕಂಬ ಒಡೀಲೂಬಹುದು. ಗ್ಯಾರಂಟಿ ನಾ ಕೊಡಂಗಿಲ್ಲ. ನೀವು ಹೂಂ ಅಂದ್ರಷ್ಟ ಕೈ ಹಾಕತೀನಿ."

ಕಾಗದ ಹೇರಿದ ಟಂಟಂ ಒಂದು ನಮ್ಮನ್ನು ದಾಟಿ ಹೋಯಿತು.

"ಒಡದ್ರ ಒಡೀಲ್ರಿ," ಅಂದರು. "ಆದ್ರ ರಿಪೇರಿ ಮಾಡೋವಾಗ ಒಡೀಲಿ. ಶನಿವಾರ ಗುಜರಿಯವ ನನ್ನ ಕಣ್ಣಮುಂದ ಘನದ ಸುತ್ತಿಗಿ ಹಾಕಿ ಒಡಿಯೂದಕ್ಕಿಂತ ಅದು ಚಲೋ."

ಇಷ್ಟು ಸ್ಪಷ್ಟವಾಗಿ ಯೋಚಿಸುವ ಗಿರಾಕಿ ನನಗೆ ಬಹಳ ಕಡಿಮೆ ಸಿಕ್ಕಿದ್ದಾರೆ. ಹೆಚ್ಚಿನವರು ಒಡೆಯಬಾರದು, ಆದರೆ ಜಲ್ದಿ ಆಗಬೇಕು, ಆಮೇಲೆ ಒಡೆದರೆ ನೀನೇ ಕೊಡು ಎನ್ನುತ್ತಾರೆ. ಈಕೆ ತನ್ನ ಅಂಗಡಿಯನ್ನೇ ನನ್ನ ಕೈಗಿಟ್ಟು, ತಪ್ಪಿದರೆ ತಪ್ಪು ನಿನ್ನದಲ್ಲ ಎಂದೂ ಹೇಳಿದ್ದರು.

ಡ್ರಿಲ್ಲಿಗೆ ತಂತಿ ಎಳೆದು, ಹೊಸ ಬಿಟ್ ಸಿಗಿಸಿ, ನಟ್ಟನಡುವೆ ಗುರುತು ಹೊಡೆಯಲು ಪಂಚ್ ಹಿಡಿದು ಬಗ್ಗಿದೆ. ಸುತ್ತಿಗೆ ಎತ್ತಿದ್ದೆ.

"ತಡಿಯಪ್ಪಾ," ಅಂದರು ಆಯಿ.

ಚಾಪೆಯಿಂದ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. "ಅಲ್ಲಿ ವಿಭೂತಿ ಐತಿ. ವಿಭೂತಿ ಮ್ಯಾಲೆ ಡ್ರಿಲ್ ಹಾಕಬ್ಯಾಡ."

ಪಟ್ಟಿಯ ಮೇಲೆ ಬೆಳಗಿನ ಪೂಜೆಯ ಮೂರು ಬಿಳಿ ಗೆರೆ ಇದ್ದದ್ದು ಖರೆ. ಬಟ್ಟೆ ತೆಗೆದು ಒರೆಸಿದೆ. "ಆತೇನ್ರಿ?"

"ಅದಲ್ಲ. ಒಳಗಿಂದು."

"ಒಳಗ ಏನೈತ್ರಿ ಆಯಿ? ಬೋಲ್ಟ್ ಐತಿ."

"ಬೋಲ್ಟಿನ ತೆಗ್ಗಿನ್ಯಾಗ ನಂದು ವಿಭೂತಿ ಐತಿ," ಅಂದರು. "ನಾ ಹಚ್ಚಿದ್ದು. ನಾನ ತಗೀತೀನಿ. ಆಮ್ಯಾಲೆ ನೀ ಏನರ ಮಾಡು."

ನನಗೆ ಸಿಟ್ಟು ನೆತ್ತಿಗೇರಿತು. ತೂತಿನೊಳಗೆ ಬ್ಯಾಟರಿ ಬಿಟ್ಟು ತೋರಿಸಿದೆ. ಕಪ್ಪು ಕಬ್ಬಿಣದ ತಳ. ಸುತ್ತಿಗೆ ಬಡಿದರೆ ಸದ್ದು ಬಂದ ತಳ. ಆಯಿ ಬಗ್ಗಿ ನೋಡಲೂ ಇಲ್ಲ.

"ಆವಾಗ ಒಣ ವಿಭೂತಿ, ಕುಂಕುಮ ಹಚ್ಚತಿದ್ದೆ," ಅಂದರು. "ಮಶೀನ್ ಓಡೂಮುಂದ ಹಾಳಿ ಮ್ಯಾಲೆ ಉದುರತಿತ್ತು. ಬಿಳಿ ಹಾಳಿ ಮ್ಯಾಲೆ ಕುಂಕುಮದ ಕಲಿ ಆದ್ರ ಗಿರಾಕಿ ಬಿಡತಾರೇನು? ನಮ್ಮವರು ಪೂಜೀನ ಬಿಡು ಅಂದ್ರು. ಪೂಜಿ ಬಿಡೂದ? ಖಳಿಯಾಗ ಕಲಿಸಿ ಹಚ್ಚಿದೆ. ಉದುರೂದು ನಿಂತ್ತು. ಮಶೀನಿನ ಹಣೀ ಮ್ಯಾಲೆ ತೆಗ್ಗು ಇರಬಾರದಂತ ಅಮಾಸಿಗೊಮ್ಮೆ, ಖಂಡೇಪೂಜಿಗೊಮ್ಮೆ ಅಷ್ಟಷ್ಟ ತುಂಬಿದೆ."

ಖಂಡೇಪೂಜೆ ಎಂದರೆ ಆಯುಧಪೂಜೆ, ಖಳಿ ಎಂದರೆ ಮೈದಾ ಹಿಟ್ಟು ಕುದಿಸಿ ಮಾಡುವ ಅಂಟು. ಬೈಂಡಿಂಗ್ ಅಂಗಡಿಯಲ್ಲಿ ಅದು ಇಲ್ಲದೆ ಒಂದು ಪುಸ್ತಕವೂ ಆಗುವುದಿಲ್ಲ. ಒಣಗಿದರೆ ರಟ್ಟನ್ನು ಹಲಗೆ ಮಾಡುತ್ತದೆ. ವಿಭೂತಿಯ ಬೂದಿ ಸೇರಿದ ಖಳಿ ಎಷ್ಟು ಗಟ್ಟಿಯಾಗಿರಬಹುದೆಂದು ನಾನು ಯೋಚಿಸುತ್ತಿರುವಾಗಲೇ ಆಯಿ ಸೊಸೆಯನ್ನು ಕೂಗಿ ಬಿಸಿನೀರು ಕೇಳಿದರು.

"ನೀರು ಬ್ಯಾಡ್ರಿ," ಅಂದೆ. "ಕಬ್ಬಿಣಕ್ಕ ನೀರು ಹಾಕೋ ಮಿಸ್ತ್ರಿ ಎಲ್ಲ್ಯಾರ ಅದಾನೇನು? ಎಣ್ಣಿ ಹಾಕಿ ನೆನಸೀನಿ."

"ಎಣ್ಣೀಗೆ ಖಳಿ ಬಿಡತೈತೇನೋ ಹುಚ್ಚಾ? ನಿನ್ನ ಅಂಗಿಗೆ ಖಳಿ ಹತ್ತಿದ್ರ ನಿನ್ನ ಹೇಣತಿ ಸೀಮಿಎಣ್ಣ್ಯಾಗ ಒಗೀತಾಳ?"

ಹೆಣ್ಣುಮಕ್ಕಳು ಈ ಸಲ ಬಾಯಿ ಮುಚ್ಚಿಕೊಳ್ಳದೆ ನಕ್ಕರು. ಹುಟ್ಟಿದಾಗಿನಿಂದ ಕಬ್ಬಿಣದ ಜೊತೆ ಬೆಳೆದವನು ನಾನು. ಅಂಟಿದ್ದೆಲ್ಲ ಎಣ್ಣೆಗೆ ಬಿಡುತ್ತದೆ ಎಂಬುದರ ಆಚೆ ನನ್ನ ಬುದ್ಧಿ ಹೋಗಿರಲೇ ಇಲ್ಲ.

ಆಯಿ ಬಟ್ಟೆಯ ತುಂಡನ್ನು ಬಿಸಿನೀರಿಗೆ ಅದ್ದಿ, ಬತ್ತಿ ಹೊಸೆದು ಕುಣಿಯೊಳಗೆ ತುರುಕಿದರು. ಆರಿದಾಗ ತೆಗೆದು ಮತ್ತೆ ಬಿಸಿ ಬತ್ತಿ ಇಟ್ಟರು. ಮೇಲೆ ಮೆತ್ತಿದ್ದ ಎಣ್ಣೆ ಜಿಡ್ಡನ್ನು ಸೋಪು ಹಚ್ಚಿ ತೆಗೆದರು. ಆಮೇಲೆ ಪುಸ್ತಕ ಹೊಲಿಯುವ ದಬ್ಬಣ ತೆಗೆದುಕೊಂಡು, ಒಂದು ಕೈಯನ್ನು ಪಟ್ಟಿಗೆ ಆನಿಸಿ, ಮೆಲ್ಲಗೆ ಕೆದಕಲು ಶುರು ಮಾಡಿದರು. ಮೊದಲು ಕಪ್ಪು ಚಕ್ಕೆ ಉದುರಿತು. ಅದರ ಕೆಳಗೆ ಬೂದುಬಣ್ಣ. ಅದರ ಕೆಳಗೆ ಕುಂಕುಮದ ಕೆಂಪು ಎಳೆ. ಮತ್ತೆ ಬೂದಿ, ಮತ್ತೆ ಕೆಂಪು.

ನಾನು ಡ್ರಿಲ್ಲು ಹಿಡಿದುಕೊಂಡೇ ನಿಂತಿದ್ದೆ. ದಬ್ಬಣ ಒಳಗೆ ಹೋಗುತ್ತಲೇ ಇತ್ತು. ನಾನು ತಳ ಎಂದುಕೊಂಡಿದ್ದ ಜಾಗ ದಾಟಿತು, ಇನ್ನೂ ಇಳಿಯಿತು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

ಅಕ್ಕಾರ ಹತ್ತಿರ ನಂಬರ್ ಇಸಿದುಕೊಂಡು, ಹೊರಗೆ ಬಂದು ಲಕ್ಷ್ಮೇಶ್ವರದ ಮಿಸ್ತ್ರಿಗೆ ಫೋನ್ ಮಾಡಿದೆ. ಎತ್ತುತ್ತಾನೋ ಇಲ್ಲವೋ ಎಂದುಕೊಂಡಿದ್ದೆ, ಒಂದೇ ರಿಂಗಿಗೆ ಎತ್ತಿದ.

"ಕೀ ಎಷ್ಟು ಒಳಗ ಕುಂತಿತ್ತು?" ಎಂದು ಕೇಳಿದೆ.

"ಮ್ಯಾಲಿನ ಎರಡಕ್ಕ ಪೂರಾ ಕುಂತಿತ್ತರಿ ಅಣ್ಣಾರ. ಕೆಳಗಿನವಕ್ಕ ಮ್ಯಾಲೆ ಮೆತ್ತಿದ್ದು ಕೆದರಿ ಹಾಕಿದ್ರೂ ಅರ್ಧಕ್ಕ ನಿಂತ್ತು. ತಳ ಹತ್ತೈತಿ ಅನಕೊಂಡೆ. ಅಲ್ಲೇ ಕೆಡಿಸಿದ್ನೇನ್ರಿ?" ಅಂದ. ದನಿಯಲ್ಲಿ ಎಷ್ಟು ಸಂಕಟವಿತ್ತೆಂದರೆ ಎರಡು ದಿನದಿಂದ ಅವನನ್ನು ಬೈದದ್ದಕ್ಕೆ ನನಗೇ ನಾಚಿಕೆಯಾಯಿತು. ನಾನೂ ಅದೇ ಸುಳ್ಳು ತಳವನ್ನು ನಂಬಿದವನಲ್ಲವೇ?

ಮೇಲಿನ ಎರಡು ಯಾಕೆ ಸಲೀಸಾಗಿ ಬಂದವು ಎಂಬುದೂ ಈಗ ತಿಳಿಯಿತು. ಗಿಡ್ಡ ಆಯಿಯ ಕೈ ಅಲ್ಲಿಗೆ ಎಟುಕುವುದಿಲ್ಲ. ಎಟುಕಿದ ಎರಡಕ್ಕೆ ಮಾತ್ರ ಪೂಜೆ ಸಂದಿತ್ತು. ಆ ಎರಡರಲ್ಲೂ ಕೀ ಅರ್ಧವೇ ಕೂತು, ಮೇಲಿನ ಅರ್ಧ ಮೂಲೆಗಳನ್ನು ತಿಂದುಹಾಕಿತ್ತು. ಆದರೆ ಕೆಳಗಿನ ಅರ್ಧ? ಅಲ್ಲಿಗೆ ಯಾವ ಕೀಯೂ ಹೋಗಿರಲಿಲ್ಲ, ನನ್ನ ಸುತ್ತಿಗೆಯ ಏಟೂ ಮುಟ್ಟಿರಲಿಲ್ಲ. ತುಕ್ಕೂ ಹೋಗಿರಲಿಲ್ಲ. ಆಯಿಯ ವಿಭೂತಿ ಅದನ್ನು ಮುಚ್ಚಿಟ್ಟು ಕಾಯ್ದಿತ್ತು.

ಒಳಗೆ ಬಂದು ಡ್ರಿಲ್ಲಿನ ತಂತಿ ಕಿತ್ತು ಸುತ್ತಿಟ್ಟೆ.

"ಆಯಿ, ನಿಮ್ಮ ಕೆಲಸ ಆಗೂತನಕ ನಂದೇನೂ ಇಲ್ಲರಿ. ಅವಸರ ಮಾಡಬ್ಯಾಡ್ರಿ. ಮೂಲಿ ಮೂಲಿ ಸ್ವಚ್ಛ ಆಗಬೇಕು."

"ಈಗ ಬಂದಿ ದಾರಿಗೆ," ಅಂದರು. ಆಮೇಲೆ ಸೊಸೆ ದೂರ ಇದ್ದದ್ದನ್ನು ನೋಡಿಕೊಂಡು, ದನಿ ತಗ್ಗಿಸಿ, ಕೈ ನಿಲ್ಲಿಸದೆಯೇ ಹೇಳಿದರು: "ಶನಿವಾರ ಗುಜರಿಯವ ಬರ್ತಾನಂತ ನನಗೂ ಗೊತ್ತೈತಿ. ಆಕಿ ಹೇಳಿಲ್ಲ. ಹೇಳಾಕ ಆಕಿಗೆ ಬಾಯಿ ಬರವಲ್ದು. ನಾ ಕೇಳಿದ್ರ ಆಕಿ ಅಳತಾಳಂತ ನಾನೂ ಕೇಳಿಲ್ಲ."

ಆ ಅತ್ತೆ ಸೊಸೆ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದ ದುಃಖ ಒಂದೇ ಆಗಿತ್ತು.

ಬಿಸಿನೀರು ಬದಲಾಗುತ್ತಿತ್ತು, ಬತ್ತಿ ಬದಲಾಗುತ್ತಿತ್ತು. ಆಯಿಯ ಕೈ ಒಮ್ಮೆಯೂ ಜಾರಲಿಲ್ಲ. ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ ಅಂತ ಕಾಣುತ್ತದೆ, ಪೂರ್ತಿ ಬೆರಳಿನಲ್ಲೇ ನೋಡುತ್ತಿದ್ದರು. ದಬ್ಬಣದ ತುದಿ ಲೋಹ ಮುಟ್ಟಿದಾಗ ಬೇರೆ ಸದ್ದು, ಖಳಿ ಮುಟ್ಟಿದಾಗ ಬೇರೆ ಸದ್ದು ಎಂದು ನನಗೇ ಕಲಿಸಿದರು. ನನ್ನ ಕೈ ದೊಡ್ಡದು, ಬಲದ ಕೈ. ಇಂಥ ಕೆಲಸಕ್ಕೆ ಹಚ್ಚಿದ್ದರೆ ಅರ್ಧ ದಾರಿಯಲ್ಲಿ ದಬ್ಬಣ ಮುರಿದು ಇನ್ನೊಂದು ಫಜೀತಿ ತಂದುಕೊಳ್ಳುತ್ತಿದ್ದೆ. ಕೆಲಸ ಬಲ್ಲ ಕೈ ನೋಡಿದಾಗ ನನಗೆ ಹೊಟ್ಟೆಕಿಚ್ಚು ಆಗುವುದುಂಟು. ಅಂದು ಆಗಲಿಲ್ಲ, ನೋಡುತ್ತ ಕೂರುವುದೇ ಸುಖವಾಗಿತ್ತು.

ಅಷ್ಟರಲ್ಲಿ ನಾನೂ ಸುಮ್ಮನೆ ಕೂರಲಿಲ್ಲ. ಹೊಸ ಅಲೆನ್ ಕೀಯ ತುದಿ ಸ್ವಲ್ಪ ಇಳಿಜಾರಾಗಿರುತ್ತದೆ. ಒಳಗೆ ಸುಲಭವಾಗಿ ಹೋಗಲೆಂದು ಹಾಗೆ ಮಾಡಿರುತ್ತಾರೆ. ನಮಗೆ ಉಳಿದದ್ದೇ ಅರ್ಧ ಆಳ. ಅದರಲ್ಲಿ ಆ ಇಳಿಜಾರೂ ಕಳೆದುಹೋದರೆ ಹಿಡಿಯುವುದೇನು? ಬೆಟಗೇರಿಗೆ ಹೋಗಿ ನನ್ನ ಗ್ರೈಂಡರಿನಲ್ಲಿ ತುದಿಯನ್ನು ಚೂರುಚೂರೇ ತಿಕ್ಕಿ, ಕಾವು ಏರಿ ಹದ ಕೆಡದಂತೆ ನೀರಿಗೆ ಅದ್ದುತ್ತ ಅದ್ದುತ್ತ, ಸಪಾಟು ಮಾಡಿಕೊಂಡು ಬಂದೆ. ತುದಿಯವರೆಗೂ ಆರು ಮೂಲೆ ಚೂಪಾಗಿ ನಿಂತವು.

ಶುಕ್ರವಾರ ಬೆಳಿಗ್ಗೆ ಆಯಿ ದಬ್ಬಣ ಒರೆಸಿ ಕೆಳಗಿಟ್ಟರು. ಬ್ಯಾಟರಿ ಬಿಟ್ಟೆ. ಮೇಲೆ ಬಳೆ, ಕೆಳಗೆ ಆರು ಮೂಲೆ, ಕಾರ್ಖಾನೆಯಿಂದ ಬಂದ ದಿನದಂತೆ. ತೇವ ಉಳಿಯದಂತೆ ಒಣಬಟ್ಟೆ ತಿರುವಿ, ಆಮೇಲೆ ನನ್ನ ಎಣ್ಣೆ ಬಿಟ್ಟೆ. ಕೀ ಇಟ್ಟು ಮೆಲ್ಲಗೆ ತಟ್ಟಿದೆ. ಬಳೆ ದಾಟಿ ಇಳಿದು ಕೂತಿತು. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ಪೈಪು ಸಿಗಿಸಿ ಎಳೆದೆ. ಟಕ್ ಎಂದು ಒಂದು ಸದ್ದು ಬಂತು. ಕೀ ಮುರಿಯಿತೆಂದುಕೊಂಡು ಅಕ್ಕಾರು ಕಣ್ಣು ಮುಚ್ಚಿದರು. ಮುರಿದದ್ದು ಬೋಲ್ಟಿನ ಹಟ. ಸರಸರನೆ ತಿರುಗಿ ಕೈಗೆ ಬಂತು.

ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೀ ಚೆನ್ನಾಗಿಯೇ ಕೂತಿತು, ಬೋಲ್ಟು ಮಾತ್ರ ಮಿಸುಕಲಿಲ್ಲ. ಇನ್ನಷ್ಟು ಭಾರ ಹಾಕಿದಾಗ ಪೈಪೇ ಬಾಗತೊಡಗಿತು. ಆ ಅರ್ಧ ಆಳವೂ ಹೋದರೆ ಮತ್ತೆ ಡ್ರಿಲ್ಲೇ ಗತಿ. ನನ್ನ ಸ್ವಭಾವಕ್ಕೆ ಇನ್ನೊಮ್ಮೆ ಎಳೆದುಬಿಡೋಣ ಅನ್ನಿಸಿತು.

"ಆತುರಗಾರನಿಗೆ ಬುದ್ಧಿ ಮಟ್ಟ," ಆಯಿ ಯಾರಿಗೋ ಹೇಳುವಂತೆ ಅಂದರು.

ಕೀ ಕೆಳಗಿಟ್ಟೆ. ಈ ಬೋಲ್ಟಿಗೆ ಕಾವು ಬೇಕಿತ್ತು, ಕೋಣೆಯಲ್ಲಿ ಬೆಂಕಿ ಹಚ್ಚುವ ಹಾಗಿರಲಿಲ್ಲ. ಎದುರಿನ ಚಹಾದಂಗಡಿಯ ಒಲೆಯಲ್ಲಿ ಒಂದು ದಪ್ಪ ಕಬ್ಬಿಣದ ಸಳಿ ಇಟ್ಟು ಕಾಯಿಸಿದೆ. ಹೆಣ್ಣುಮಕ್ಕಳು ನೆಲದ ಕಾಗದವೆಲ್ಲ ಗುಡಿಸಿ, ಯಂತ್ರದ ಸುತ್ತ ನೀರು ಚಿಮುಕಿಸಿ, ಹಸಿ ಗೋಣಿ ಹಾಸಿ, ಬಕೆಟ್ ಹಿಡಿದು ನಿಂತರು. ನಾನು ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಕಿಡಿ ಬೀಳದಂತೆ ಕೆಂಪು ಆರಿದ ಮೇಲೆ ಸಳಿಯನ್ನು ಇಕ್ಕಳದಲ್ಲಿ ಹಿಡಿದು ತಂದು ಬೋಲ್ಟಿನ ತಲೆಗೆ ಒತ್ತಿ ಹಿಡಿದೆ. ಆರಿದ ಮೇಲೆ ಮತ್ತೆ ಕಾಯಿಸಿ ತಂದೆ. ಚಹಾದವನು ಮೊದಮೊದಲು ಬೈದ, ಆಮೇಲೆ ತಾನೇ ಒಲೆ ಊದಿದ. ತಲೆ ಚುರುಗುಟ್ಟುವಷ್ಟು ಕಾದಾಗ ಆಯಿಯ ದಾರಕ್ಕೆ ಹಚ್ಚುವ ಮೇಣದ ತುಂಡನ್ನೇ ಅಂಚಿಗೆ ಮುಟ್ಟಿಸಿದೆ. ಮೇಣ ಕರಗಿ, ಸಂದಿಯಲ್ಲಿ ಇಳಿದು ಕಾಣೆಯಾಯಿತು.

ಕಾವು ಇಳಿಯುವವರೆಗೆ ಕಾದೆ. ಆಮೇಲೆ ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆ ಒತ್ತಿದೆ. ಹಿಡಿದು ಕೂತದ್ದನ್ನು ಅದರ ಇಷ್ಟದ ಕಡೆಗೆ ಸ್ವಲ್ಪ ತಳ್ಳಿದರೆ ಬಿಡುತ್ತದೆ, ಮನುಷ್ಯರೂ ಹಾಗೇ. ಬೋಲ್ಟು ಮಿಸುಕಿತು. ಹಿಂದಕ್ಕೆ ಎಳೆದೆ. ನಿಧಾನವಾಗಿ, ಕಿರುಗುಟ್ಟುತ್ತ, ಬಂದೇಬಂತು.

ಅಕ್ಕಾರು ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, "ಚಹಾ ತರಸ್ರಿ ಯಾರರ," ಎಂದರು.

ಉಳಿದ ಕೆಲಸ ಗೊತ್ತಿದ್ದದ್ದೇ. ಪಟ್ಟಿ ಇಳಿಸಿ, ಸವೆದ ಜಾಗ ನೋಡಿ, ಹಿತ್ತಾಳೆ ತಗಡು ಕತ್ತರಿಸಿ ಹಿಂದೆ ಕೊಟ್ಟು, ತೊಲೆ ಬಿಗಿಯೂ ಆಗದೆ ಸಡಿಲೂ ಆಗದೆ ಜಾರುವಂತೆ ಹೊಸ ಬೋಲ್ಟು ಹಾಕಿದೆ. ಶನಿವಾರ ಬೆಳಿಗ್ಗೆ ಬ್ಲೇಡು ಕೂರಿಸಿ ಒಂದು ಕಟ್ಟು ಕತ್ತರಿಸಿದೆವು. ಅಕ್ಕಾರು ಎಲ್ಲಕ್ಕಿಂತ ಮೇಲಿನ ನೋಟ್‌ಬುಕ್ಕನ್ನೂ ಎಲ್ಲಕ್ಕಿಂತ ಕೆಳಗಿನದನ್ನೂ ತೆಗೆದು ಜೋಡಿಸಿ, ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಇನ್ನೊಮ್ಮೆ ಎಳೆದರು. ಅತ್ತೆಯ ಕೈಗೆ ಕೊಟ್ಟರು. ಆಯಿಯ ಹೆಬ್ಬೆರಳೂ ಎಲ್ಲೂ ಎಡವಲಿಲ್ಲ.

"ಬರೋಬ್ಬರಿ ಐತಿ," ಅಂದರು ಆಯಿ. ಅಕ್ಕಾರು ಅಲ್ಲೇ ನಿಂತು ಮುಂಡರಗಿಯವರಿಗೆ ಫೋನ್ ಹಚ್ಚಿದರು.

ಅವರು ಮಾತಾಡುತ್ತಿರುವಾಗಲೇ ಬಾಗಿಲಿಗೆ ಗುಜರಿ ಗಾಡಿ ಬಂತು. ಹಗ್ಗ, ಹಾರೆ, ಘನ, ಜೊತೆಗೆ ಇಬ್ಬರು ಆಳು. ಅಕ್ಕಾರು ಕಿವಿಗೆ ಫೋನ್ ಹಿಡಿದುಕೊಂಡೇ ಅತ್ತೆಯ ಕಡೆ ನೋಡಿದರು. ಆಯಿ ಆಗಲೇ ಎದ್ದಿದ್ದರು.

"ಬಾರಪ್ಪಾ. ಮಶೀನ್ ಒಯ್ಯಾಕ ಬಂದಿ, ಹೌದಲ್ಲೋ?"

"ಹೌದ್ರಿ ಆಯಿ. ಅಕ್ಕಾರು ಬಾ ಅಂದಿದ್ರು."

"ಅಂದಿದ್ಲು. ಆಕಿ ಅಂದಿದ್ದು ಖರೇನ ಐತಿ."

ಆಯಿ ಯಂತ್ರದ ಪಕ್ಕದ ಬಟ್ಟಲಿನಿಂದ ತೂತು ದುಂಡಗಾಗಿದ್ದ ಆ ಎರಡು ಬೋಲ್ಟು ತೆಗೆದರು. ಸೆರಗಿನಿಂದ ಒರೆಸಿದರು. ಅವನ ಕೈ ಹಿಡಿದು ಬಿಡಿಸಿ, ಅಂಗೈ ನಡುವೆ ಇಟ್ಟು ಮುಚ್ಚಿದರು.

"ಇವನ್ನ ಒಯ್ಯಿ. ನಮ್ಮ ಬಾಗಲಿಗೆ ಬಂದವರನ್ನ ಬರಿಗೈಲೆ ಕಳಸಂಗಿಲ್ಲ."